ಒಣಗದ ಬಟ್ಟೆಯ ಪ್ರಕರಣ: ಬೆಟ್ಟದೂರಿನ ಬಾಡಿಗೆ ಮನೆಯಲ್ಲಿ ಒಂದು ಚಳಿಗಾಲ

ವಿಷಯ ಚಿಕ್ಕದು. ಬೆಟ್ಟದ ಮೇಲಿನ ಸಣ್ಣ ಊರಲ್ಲಿ ಗಂಡ ಹೆಂಡತಿ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದರು. ಮನೆಯೊಳಗೇ ವಾಷಿಂಗ್ ಮಷೀನ್, ಡ್ರೈಯರ್ ಎರಡೂ ಇವೆ ಅಂತ ಹೇಳಿ ಮಾಲೀಕರು ಬಾಡಿಗೆ ಜಾಸ್ತಿ ಕೇಳಿದ್ದರು. ಇವರೂ ಅದಕ್ಕಾಗಿಯೇ ಒಪ್ಪಿದ್ದರು. ಬೇಸಿಗೆಯಲ್ಲಿ ಎಲ್ಲ ಸರಿ ಇತ್ತು. ಹಿಮ ಬೀಳಲು ಶುರುವಾದ ಮೇಲೆ ಬಟ್ಟೆ ಒಣಗುವುದೇ ನಿಂತುಹೋಯಿತು. ಡ್ರೈಯರ್ ಕೆಟ್ಟಿದೆ ಅಂತ ಇವರು, ನೀವು ಬಟ್ಟೆ ತುರುಕುತ್ತೀರಿ ಅಂತ ಅವರು. ಕೊನೆಗೆ ಹೊಸ ಡ್ರೈಯರ್ ಬಂತು. ಅದೂ ಒಣಗಿಸಲಿಲ್ಲ.

ಇಬ್ಬರೂ ನನಗೆ ಪರಿಚಯದವರು, ಅಳತೆ ತೂಕ ಮಾಡುವಾಗ ನಾನೂ ಅಲ್ಲಿದ್ದೆ. ಆಮೇಲೆ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಇದರಲ್ಲಿ ಮಷೀನಿನ ತಪ್ಪು ಒಂದು ಚೂರೂ ಇರಲಿಲ್ಲ. ಬಾಡಿಗೆ ಮನೆ ನೋಡಲು ಹೋದಾಗ ನಾವೆಲ್ಲ ಮಷೀನ್ ಯಾವ ಕಂಪನಿಯದ್ದು, ಎಷ್ಟು ಕಿಲೋದ್ದು ಅಂತ ನೋಡುತ್ತೇವೆ. ಚಳಿ ಊರಲ್ಲಿ ನೋಡಬೇಕಾದದ್ದೆಲ್ಲ ಅದರ ಬೆನ್ನ ಹಿಂದೆ ಇರುತ್ತದೆ: ಹಬೆ ಎಲ್ಲಿಗೆ ಹೋಗುತ್ತದೆ, ಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಎಲ್ಲಿಂದ ಬರುತ್ತದೆ, ನೀರಿನ ಪೈಪು ಯಾವ ಗೋಡೆಯಲ್ಲಿದೆ. ನನ್ನ ವಾದ ಇಷ್ಟೇ.

ಊರು, ಮನೆ

ಊರು ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದಲ್ಲಿದೆ. ವರ್ಷದಲ್ಲಿ ಐದಾರು ತಿಂಗಳು ಹಿಮ. ಊರವರು ಕಡಿಮೆ, ಪ್ರವಾಸಿಗರು ಜಾಸ್ತಿ. ಇಂಥ ಕಡೆ ಬಾಡಿಗೆ ಮನೆ ಸಿಗುವುದೇ ಕಷ್ಟ, ಏಕೆಂದರೆ ಮನೆ ಇರುವವರಿಗೆ ವರ್ಷಪೂರ್ತಿ ಇರುವ ಬಾಡಿಗೆದಾರನಿಗಿಂತ ಎರಡು ರಾತ್ರಿ ತಂಗಿ ಹೋಗುವ ಪ್ರವಾಸಿಯಿಂದಲೇ ಲಾಭ. ಹಾಗಾಗಿ ಖಾಲಿ ಮನೆ ಕಂಡರೆ ಸಾಕು, ಯಾರೂ ಹೆಚ್ಚು ಪ್ರಶ್ನೆ ಕೇಳದೆ ಅಡ್ವಾನ್ಸ್ ಕೊಟ್ಟು ಬೀಗದ ಕೈ ಇಸಿದುಕೊಳ್ಳುತ್ತಾರೆ. ಇವರೂ ಹಾಗೇ ಮಾಡಿದರು. ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ.

ಮೂರು ಮಹಡಿಯ ಕಟ್ಟಡ. ಮರದ ತೊಲೆಗಳ ಮೇಲೆ ಹಲಗೆ ಹೊಡೆದ ನೆಲ, ಇಳಿಜಾರಾದ ತಗಡಿನ ಮಾಡು. ಇವರದ್ದು ನಡುವಿನ ಮಹಡಿ, ಸುಮಾರು 60 ಚದರ ಮೀಟರ್. ಹಾಲ್‌ನಲ್ಲಿ ಒಂದು ಸೌದೆ ಒಲೆ. ಮನೆಯೊಳಗಿನ ಓಣಿಯ (ಕಾರಿಡಾರ್) ಕೊನೆಗೆ, ಬಡಗು ದಿಕ್ಕಿನ ಹೊರಗೋಡೆಗೆ ತಾಗಿದ ಹಾಗೆ ಬಾಗಿಲಿರುವ ಒಂದು ಗೂಡು, ಅದರಲ್ಲಿ ಮಷೀನು ಎರಡೂ ಒಂದರ ಮೇಲೊಂದು. ಹೆಂಡತಿ ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ದಿನಾ ಯೂನಿಫಾರ್ಮ್ ಒಗೆಯಬೇಕು. ಗಂಡನಿಗೆ ಮನೆಯಿಂದಲೇ ಕೆಲಸ. ಜೊತೆಗೆ ಎರಡು ವರ್ಷದ ಮಗು, ಅಂದರೆ ಒಗೆಯುವ ಬಟ್ಟೆಗೆ ಕೊನೆಯೇ ಇಲ್ಲ.

ಬಯಲಿನ ಊರಲ್ಲಿ ಮನೆಯೊಳಗೆ ವಾಷಿಂಗ್ ಮಷೀನ್ ಇರುವುದು ಒಂದು ಅನುಕೂಲ, ಅಷ್ಟೇ. ಇಲ್ಲಿ ಹಾಗಲ್ಲ. ಮನೆಯಲ್ಲಿ ಇಲ್ಲದಿದ್ದರೆ ಒದ್ದೆ ಬಟ್ಟೆಯ ಚೀಲ ಹೊತ್ತು ಹಿಮದಲ್ಲಿ ನಡೆದು ಕಾಸು ಹಾಕುವ ಮಷೀನಿನ ಮುಂದೆ ಸರದಿ ಕಾಯಬೇಕು. ಹೊರಗೆ ಹಗ್ಗದ ಮೇಲೆ ಹಾಕಬಹುದಲ್ವಾ ಅಂತ ಕೇಳುವವರಿಗೆ: ಹಾಕಬಹುದು. ಮೊದಲು ಅಂಗಿ ಹಲಗೆ ಹಾಗೆ ಸೆಟೆದು ನಿಲ್ಲುತ್ತದೆ, ಆಮೇಲೆ ಆ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತ ಹೋಗುತ್ತದೆ. ಒಣಗುವುದೇನೋ ನಿಜ. ಆದರೆ ಬಿಸಿಲು, ಗಾಳಿ ಎರಡೂ ಕೈಹಿಡಿಯಬೇಕು, ನಾಳೆ ಬೆಳಿಗ್ಗೆ ಡ್ಯೂಟಿ ಇರುವವರಿಗೆ ಅದು ಆಗದ ಮಾತು.

ಮೊದಲ ಹಿಮ, ಮೊದಲ ದೂರು

ನವೆಂಬರ್‌ನಲ್ಲಿ ಡ್ರೈಯರ್ ಎರಡು ಸಲ ಓಡಿಸಿದರೆ ಬಟ್ಟೆ ಒಣಗುತ್ತಿತ್ತು. ಡಿಸೆಂಬರ್ ಕೊನೆಗೆ ಮೂರು ಗಂಟೆ ಓಡಿಸಿದರೂ ಜೀನ್ಸ್ ಪ್ಯಾಂಟಿನ ಸೊಂಟದ ಪಟ್ಟಿ ತಣ್ಣಗೆ ಒದ್ದೆಯಾಗಿಯೇ ಇರುತ್ತಿತ್ತು. ಅರೆ ಒಣಗಿದ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಸ್ಟ್ಯಾಂಡ್ ಇಟ್ಟು ಹರವತೊಡಗಿದರು. ಕಿಟಕಿ ಗಾಜಿನಿಂದ ನೀರು ಇಳಿಯತೊಡಗಿತು. ಬೀರುವಿನ ಹಿಂದಿನ ಗೋಡೆಯ ಮೇಲೆ ಕಪ್ಪು ಚುಕ್ಕೆಗಳು ಬಂದವು. ಬೂಷ್ಟು.

ಇಲ್ಲಿ ಒಂದು ಮಾತು. ಚಳಿಗಾಲದಲ್ಲಿ ಬೆಟ್ಟದೂರಿನ ಮನೆಯೊಳಗಿನ ಗಾಳಿ ತುಂಬ ಒಣ. ತುಟಿ ಒಡೆಯುತ್ತದೆ, ಮೂಗು ಉರಿಯುತ್ತದೆ. ಹಾಗಾಗಿ ನಾಲ್ಕು ಅಂಗಿ ಹಾಲ್‌ನಲ್ಲಿ ಹರವಿದರೆ ಒಳ್ಳೆಯದೇ, ಗಾಳಿಗೆ ಸ್ವಲ್ಪ ತೇವ ಸಿಗುತ್ತದೆ. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಇಡೀ ಲೋಡ್ ಹರವುವುದು ಬೇರೆ ಕಥೆ. ಕೋಣೆ 20 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ. 60 ತಲುಪಿದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಜಾಗದಲ್ಲಾದರೂ ನೀರು ಕಟ್ಟುತ್ತದೆ. ಬೀರುವಿನ ಹಿಂದಿನ ಹೊರಗೋಡೆ ಅದಕ್ಕಿಂತ ತಣ್ಣಗಿತ್ತು. ಬೂಷ್ಟು ಬರಲು ಇನ್ನೇನು ಬೇಕು.

ನವೆಂಬರ್ ಕೊನೆಗೇ ಇವರು ಮಾಲೀಕರಿಗೆ ಬರೆದಿದ್ದರು. ಮಾಲೀಕರು ಇರುವುದು ಕೆಳಗಿನ ದೊಡ್ಡ ಊರಲ್ಲಿ. ಕೆಟ್ಟವರಲ್ಲ, ಕರೆ ಮಾಡಿದರೆ ಎತ್ತುತ್ತಾರೆ, ಅಷ್ಟೇ ಬೇಗ ಉತ್ತರವೂ ಸಿದ್ಧ ಇರುತ್ತದೆ. ಅವರು ಕೊಟ್ಟ ಕಾರಣ ಎರಡು. ಒಂದು, ನೀವು ಒಂದೇ ಸಲಕ್ಕೆ ಜಾಸ್ತಿ ಬಟ್ಟೆ ಹಾಕುತ್ತೀರಿ. ಇನ್ನೊಂದು, “ಅಷ್ಟು ಎತ್ತರದ ಜಾಗ, ಗಾಳಿ ತೆಳು, ಡ್ರೈಯರ್ ನಿಧಾನ ಆಗೋದು ಸಹಜ.”

ಎರಡನೆಯದು ಕೇಳಲು ಚೆನ್ನಾಗಿದೆ, ಬಹಳ ಜನ ನಂಬುತ್ತಾರೆ ಕೂಡ. 2400 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮುಕ್ಕಾಲು ಪಾಲು ಮಾತ್ರ, ಅದು ನಿಜ. ಗ್ಯಾಸ್ ಡ್ರೈಯರ್ ಆಗಿದ್ದರೆ ಈ ಮಾತಿಗೆ ತೂಕ ಇರುತ್ತಿತ್ತು. ತೆಳು ಗಾಳಿಯಲ್ಲಿ ಗ್ಯಾಸ್ ಸರಿಯಾಗಿ ಉರಿಯುವುದಿಲ್ಲ, ಅದಕ್ಕೇ ಅಮೆರಿಕದಲ್ಲಿ 2000 ಅಡಿ ದಾಟಿದ ಮೇಲೆ ಪ್ರತಿ 1000 ಅಡಿಗೆ ಬರ್ನರ್ ಶಕ್ತಿಯನ್ನು ಶೇ. 4ರಷ್ಟು ಇಳಿಸಬೇಕು ಅನ್ನುವ ಹಳೆಯ ಲೆಕ್ಕ ಇದೆ. ಆದರೆ ಇವರದ್ದು ಕರೆಂಟ್ ಡ್ರೈಯರ್. ಅದರ ಹೀಟರ್ ಎತ್ತರದಲ್ಲೂ ಅಷ್ಟೇ ಬಿಸಿ ಕೊಡುತ್ತದೆ. ಒತ್ತಡ ಕಡಿಮೆ ಇದ್ದರೆ ನೀರು ಆವಿಯಾಗುವುದು ಇನ್ನೂ ಸುಲಭ. ಅದಕ್ಕಿಂತ ದೊಡ್ಡ ವಿಷಯ ಏನೆಂದರೆ ಊರಿನ ಎತ್ತರ ಜುಲೈನಲ್ಲೂ ಅಷ್ಟೇ ಇತ್ತು, ಆಗ ಒಂದು ಗಂಟೆಯೊಳಗೆ ಒಣಗುತ್ತಿತ್ತಲ್ಲ?

ಮೊದಲನೆಯ ಕಾರಣದಲ್ಲಿ ಮಾತ್ರ ಒಂದು ಎಳೆ ಸತ್ಯ ಇತ್ತು, ಮಾಲೀಕರಿಗೇ ಗೊತ್ತಿಲ್ಲದ ರೀತಿಯಲ್ಲಿ. ಮರದ ನೆಲ ಆದ್ದರಿಂದ ಮಷೀನ್ ಜೋರಾಗಿ ಹಿಂಡುವಾಗ ಕೆಳಗಿನ ಮನೆಯ ಪಾತ್ರೆ ನಡುಗುತ್ತಿದ್ದವು. ಕೆಳಗಿನ ಮನೆಯ ಅಜ್ಜಿ ಬಂದು ಹೇಳಿದ ಮೇಲೆ ಇವರು ಹಿಂಡುವ ವೇಗವನ್ನು ನಿಮಿಷಕ್ಕೆ 1000 ಸುತ್ತಿನಿಂದ 600ಕ್ಕೆ ಇಳಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ 5 ಕಿಲೋ ಹತ್ತಿ ಬಟ್ಟೆಯಲ್ಲಿ 1000 ಸುತ್ತು ಹಿಂಡಿದ ಮೇಲೆ ಉಳಿಯುವುದು ಸುಮಾರು 3 ಲೀಟರ್ ನೀರು. 1400 ಸುತ್ತಿಗೆ ಎರಡೂವರೆ ಲೀಟರ್. 600ಕ್ಕೆ ಇಳಿಸಿದರೆ 4 ಲೀಟರ್ ಮೀರುತ್ತದೆ. ಆ ಒಂದು ಲೀಟರ್ ಹೆಚ್ಚುವರಿ ನೀರನ್ನು ಡ್ರೈಯರೇ ಹಬೆ ಮಾಡಿ ಓಡಿಸಬೇಕು, ಮತ್ತು ಒಂದು ಲೀಟರ್ ನೀರು ಆವಿಯಾಗಲು ಕಡಿಮೆ ಎಂದರೂ 0.65 ಯೂನಿಟ್ ಕರೆಂಟಿನಷ್ಟು ಶಾಖ ಬೇಕೇ ಬೇಕು. ಮಷೀನಿನ ಕಾಲಡಿ ದಪ್ಪ ರಬ್ಬರ್ ಪ್ಯಾಡ್ ಹಾಕಿ, ಮಟ್ಟ ಸರಿಮಾಡಿ, ಹಗಲಲ್ಲಿ ಮಾತ್ರ ಒಗೆದು ಮತ್ತೆ 1000ಕ್ಕೆ ಏರಿಸಿದರು. ಅಜ್ಜಿ ಸುಮ್ಮನಾದರು. ಡ್ರೈಯರ್ ಮಾತ್ರ ಸುಧಾರಿಸಲಿಲ್ಲ.

ಹೊತ್ತುಗೊತ್ತಿಲ್ಲದೆ ಇವರು ಕರೆ ಮಾಡುವುದು ಬೇಡ ಅಂತ ಮಾಲೀಕರು ಜನವರಿಯಲ್ಲಿ ಹೊಸ ಡ್ರೈಯರನ್ನೇ ಕಳಿಸಿಬಿಟ್ಟರು. ಹಿಮದ ರಸ್ತೆಯಲ್ಲಿ ಅದು ಬಂದದ್ದೇ ದೊಡ್ಡ ಸಾಹಸ. ಕೂಡಿಸಿದರು, ಓಡಿಸಿದರು, ಫಲ ಅದೇ.

ತೂಗಿ ನೋಡಿದ್ದು

ಈ ಹಂತದಲ್ಲಿ ಬಾಯಿಮಾತಿನ ಜಗಳಕ್ಕೆ ಅರ್ಥ ಇರಲಿಲ್ಲ. “ಒಣಗುತ್ತಿಲ್ಲ” ಅನ್ನುವುದು ಒಬ್ಬರ ಅಭಿಪ್ರಾಯ, “ಒಣಗುತ್ತದೆ” ಅನ್ನುವುದು ಇನ್ನೊಬ್ಬರದು. ತೂಕಕ್ಕೆ ಅಭಿಪ್ರಾಯ ಇರುವುದಿಲ್ಲ. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಮನೆಯಲ್ಲಿತ್ತು. ಟವೆಲ್ಲು, ಹೊದಿಕೆ ಸೇರಿಸಿ ಒಣಗಿದ 5 ಕಿಲೋ ಬಟ್ಟೆ ಆರಿಸಿಕೊಂಡರು. ಒಗೆದು 1000 ಸುತ್ತಿನಲ್ಲಿ ಹಿಂಡಿ ತೆಗೆದಾಗ 8.1 ಕಿಲೋ. ಹೊಸ ಡ್ರೈಯರಿನಲ್ಲಿ ಒಂದು ಗಂಟೆ. ತೆಗೆದು ತೂಗಿದರೆ 7.3. ಒಂದು ಗಂಟೆಯಲ್ಲಿ ಹೋದದ್ದು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು, ಅಷ್ಟೇ.

ಮಾರನೆಯ ದಿನ ಅದೇ ಬಟ್ಟೆ, ಅದೇ ಒಗೆತ. ಈ ಸಲ ಡ್ರೈಯರ್ ಹಿಂದಿನಿಂದ ಗೋಡೆಗೆ ಹೋಗುವ, ಹಬೆಯನ್ನು ಹೊರಗೆ ಒಯ್ಯುವ ಪೈಪನ್ನು ಕಳಚಿ, ಓಣಿಯ ಕಿಟಕಿ ತೆರೆದು, ಹಬೆಯನ್ನು ಓಣಿಗೇ ಬಿಟ್ಟು ಒಂದು ಗಂಟೆ ಓಡಿಸಿದರು. ಓಣಿ ಬಚ್ಚಲಮನೆ ಆಯಿತು. ತಕ್ಕಡಿ 5.6 ತೋರಿಸಿತು. ಎರಡೂವರೆ ಲೀಟರ್ ನೀರು ಹೋಗಿತ್ತು.

(ಇದನ್ನು ಕರೆಂಟ್ ಡ್ರೈಯರಿನಲ್ಲಿ ಮಾತ್ರ, ಪರೀಕ್ಷೆಗೆಂದು ಒಂದೇ ಸಲ, ಎದುರಿಗೆ ನಿಂತು ಮಾಡಬೇಕು. ಗ್ಯಾಸ್ ಡ್ರೈಯರಿನ ಪೈಪು ಕಳಚಿ ಓಡಿಸಿದರೆ ವಿಷಗಾಳಿ ಮನೆಯೊಳಗೇ ಬರುತ್ತದೆ. ಬೇಡವೇ ಬೇಡ.)

ಈ ಎರಡು ಅಂಕಿ ಮತ್ತು ತಕ್ಕಡಿಯ ಫೋಟೋ ಕಳಿಸಿದ ಮೇಲೆ ಮಾಲೀಕರ ದನಿ ಬದಲಾಯಿತು. ಮಷೀನ್ ಗಟ್ಟಿ, ಗೋಡೆಯೊಳಗೆ ಏನೋ ಇದೆ ಅನ್ನುವುದು ಇಬ್ಬರಿಗೂ ಗೊತ್ತಾಯಿತು.

ಗೋಡೆಯೊಳಗೆ ಇದ್ದದ್ದು

ಗೂಡು ಇರುವುದು ಬಡಗು ಹೊರಗೋಡೆಗೆ ತಾಗಿ. ಅಂದರೆ ಹಬೆಯ ಪೈಪನ್ನು ಆ ಗೋಡೆ ಕೊರೆದು ಎರಡಡಿಯಲ್ಲಿ ಹೊರಗೆ ಬಿಡಬಹುದಿತ್ತು. ಆದರೆ ಆ ಗೋಡೆ ಬೀದಿಯ ಕಡೆಗಿದೆ. ಕಟ್ಟಡದ ಮುಖಕ್ಕೆ ತೂತು ಕಾಣಬಾರದು ಅಂತ ಕಟ್ಟಿಸಿದವರು ಪೈಪನ್ನು ಮೇಲಕ್ಕೆ ಎತ್ತಿ, ಎರಡು ಮಹಡಿಗಳ ನಡುವಿನ ತೊಲೆಗಳ ಸಂದಿಯಲ್ಲಿ ಹಾಯಿಸಿ, ಹಿತ್ತಿಲ ಗೋಡೆಗೆ ತಂದು ಬಿಟ್ಟಿದ್ದರು. ಅಳೆದರೆ 28 ಅಡಿ, ನಾಲ್ಕು ಕಡೆ ನೇರ ಮೊಣಕೈ ತಿರುವು. ಅಮೆರಿಕದ ವಸತಿ ಕಟ್ಟಡ ಸಂಹಿತೆಯಲ್ಲಿ ಡ್ರೈಯರ್ ಪೈಪಿಗೆ ಹೆಚ್ಚೆಂದರೆ 35 ಅಡಿ ಅಂತಿದೆ, ಪ್ರತಿ ನೇರ ತಿರುವಿಗೆ ಅದರಲ್ಲಿ 5 ಅಡಿ ಕಳೆಯಬೇಕು. ನಾಲ್ಕು ತಿರುವಿಗೆ 20 ಅಡಿ ಹೋದರೆ ಉಳಿಯುವುದು 15. ಇಲ್ಲಿದ್ದದ್ದು ಹೆಚ್ಚೂ ಕಡಿಮೆ ಅದರ ಎರಡರಷ್ಟು.

ಡ್ರೈಯರ್ ಈಚೆಗೆ ಎಳೆದಾಗ ಮೊದಲು ಕಂಡದ್ದು ಬೆಳ್ಳಿ ಹಾಳೆಯ ಮಡಿಕೆ ಪೈಪು, ಗೋಡೆಗೂ ಮಷೀನಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಅದನ್ನು ಬಿಡಿಸಿದರೆ ಒಳಗಿನಿಂದ ಕಂದು ಬಣ್ಣದ ನೀರು ಸುರಿಯಿತು. ತಣ್ಣನೆಯ ಸಂದಿಯಲ್ಲಿ ಹಾದು ಹೋಗುವಾಗ ಹಬೆ ನೀರಾಗಿ, ಇಳಿಜಾರು ತಪ್ಪಿದ ಕಡೆ ನಿಂತು, ಬಟ್ಟೆ ಉದುರಿಸಿದ ಜುಂಗೆಲ್ಲ ಅದರಲ್ಲಿ ನೆನೆದು ಒಂದು ಮುದ್ದೆಯಾಗಿತ್ತು. ಉದ್ದ ಬ್ರಷ್ ಹಾಕಿ ಎಳೆದಾಗ ಕೈಯಳತೆಯ ಬೂದು ತುಂಡು ಬಂತು, ಹಿಂಡಿದರೆ ನೀರು, ಒಳಗೆ ಮಗುವಿನ ಕಾಲುಚೀಲದ ಕೆಂಪು ನೂಲು ಕೂಡ ಕಾಣುತ್ತಿತ್ತು. ಒಣಗಿದ್ದರೆ ಅದೇ ತುಂಡು ಕಿಡಿ ತಾಗಿದ ಕೂಡಲೇ ಹತ್ತಿಕೊಳ್ಳುತ್ತದೆ. 2008ರಿಂದ 2010ರವರೆಗಿನ ಲೆಕ್ಕದಲ್ಲಿ ಅಮೆರಿಕದ ಫೈರ್ ಅಡ್ಮಿನಿಸ್ಟ್ರೇಷನ್ ಮನೆಗಳಲ್ಲಿ ಡ್ರೈಯರಿನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತ ಅಂದಾಜು ಮಾಡಿತ್ತು. ಸ್ವಚ್ಛ ಮಾಡದಿರುವುದೇ ಮೊದಲ ಕಾರಣ, ಶೇ. 34.

ಹಿತ್ತಿಲ ಕಡೆ ಹೋಗಿ ನೋಡಿದರೆ ಇನ್ನೂ ಚೆಂದ. ಪೈಪಿನ ಬಾಯಿ ಇದ್ದದ್ದು ವಾಹನ ನಿಲ್ಲಿಸುವ ತಗಡಿನ ಚಪ್ಪರಕ್ಕಿಂತ ಒಂದಡಿ ಮೇಲೆ. ಮೇಲಿನ ಮಾಡಿನಿಂದ ಜಾರಿದ ಹಿಮವೆಲ್ಲ ಬಂದು ಕೂರುವುದು ಅದೇ ಚಪ್ಪರದ ಮೇಲೆ. ಮೂರಡಿ ಹಿಮ ಅಗೆದ ಮೇಲೆ ಬಾಯಿ ಸಿಕ್ಕಿತು. ಗಾಳಿ ಬಂದಾಗ ತೆರೆದುಕೊಳ್ಳಬೇಕಾದ ಪ್ಲಾಸ್ಟಿಕ್ ರೆಕ್ಕೆಗಳು ಮಂಜುಗಡ್ಡೆಯಲ್ಲಿ ಅಂಟಿಕೊಂಡಿದ್ದವು. ಬೇಸಿಗೆಯಲ್ಲಿ ಯಾಕೆ ಸರಿ ಇತ್ತು ಅನ್ನುವುದಕ್ಕೆ ಇದೇ ಉತ್ತರ. ಉದ್ದ ಪೈಪು, ಚಪ್ಪಟೆ ಪೈಪು, ಜುಂಗು ಎಲ್ಲ ಆಗಲೂ ಇದ್ದವು. ಬಾಯಿ ಮುಚ್ಚಿದ್ದು ಹಿಮ ಬಂದ ಮೇಲೆ.

ಹಬೆ ಹೊರಗೆ ಹೋಗದಿದ್ದರೆ ಡ್ರೈಯರಿನೊಳಗೆ ಬಿಸಿ ಮಿತಿ ಮೀರುತ್ತದೆ. ಕೂಡಲೇ ಒಳಗಿನ ಥರ್ಮೋಸ್ಟಾಟ್ ಹೀಟರನ್ನು ಆರಿಸುತ್ತದೆ. ಡ್ರಮ್ ಸುಮ್ನೆ ತಿರುಗುತ್ತಿರುತ್ತದೆ. ತಣಿದ ಮೇಲೆ ಮತ್ತೆ ಹೀಟರ್, ಮತ್ತೆ ಬಂದ್. ಹೊರಗಿನಿಂದ ನೋಡುವವರಿಗೆ ಮಷೀನ್ ಮೂರು ಗಂಟೆ ದುಡಿಯುತ್ತಿದೆ, ನಿಜದಲ್ಲಿ ಅದು ಮುಕ್ಕಾಲು ಹೊತ್ತು ಬಟ್ಟೆ ಉರುಳಿಸುತ್ತಿದೆ ಅಷ್ಟೇ.

ನಡುವೆ ಪೈಪು ಹೆಪ್ಪುಗಟ್ಟಿದ್ದು

ಈ ತನಿಖೆ ನಡೆಯುತ್ತಿರುವಾಗಲೇ ಒಂದು ಬೆಳಿಗ್ಗೆ ವಾಷಿಂಗ್ ಮಷೀನಿಗೆ ನೀರು ಬರಲಿಲ್ಲ. ರಾತ್ರಿ ಹೊರಗೆ ಮೈನಸ್ 20 ಡಿಗ್ರಿ. ನೀರಿನ ಪೈಪು ಹೊರಗೋಡೆಯೊಳಗೆ, ಗೂಡಿನ ಬಾಗಿಲು ಗಟ್ಟಿ ಹಲಗೆಯದ್ದು, ಸದಾ ಮುಚ್ಚಿಯೇ ಇರುತ್ತದೆ. ಮನೆಯ ಬಿಸಿ ಅಲ್ಲಿಗೆ ತಲುಪುವುದೇ ಇಲ್ಲ. ಥರ್ಮಾಮೀಟರ್ ಇಟ್ಟು ನೋಡಿದಾಗ ಗೂಡಿನೊಳಗೆ 3 ಡಿಗ್ರಿ, ಗೋಡೆಯೊಳಗೆ ಇನ್ನೂ ಕಡಿಮೆ ಇದ್ದಿರಲೇಬೇಕು.

ನೀರು ಗಡ್ಡೆಯಾದಾಗ ಶೇ. 9ರಷ್ಟು ಹಿಗ್ಗುತ್ತದೆ, ಪೈಪು ತಡೆಯದಿದ್ದರೆ ಸೀಳುತ್ತದೆ. ಹೆಪ್ಪುಗಟ್ಟಿದಾಗ ಗೊತ್ತಾಗುವುದಿಲ್ಲ, ಕರಗಿದ ಮೇಲೆ ಸೋರುತ್ತದೆ. ಇಲ್ಲಿ ಪೈಪು ಉಳಿಯಿತು, ಮಷೀನಿಗೆ ನೀರು ಬಿಡುವ ವಾಲ್ವ್ ಬಿರುಕು ಬಿಟ್ಟಿತು. ಮಧ್ಯಾಹ್ನ ಅಜ್ಜಿಯ ಮನೆಯ ಚಾವಣಿಯಲ್ಲಿ ತಟ್ಟೆಯಗಲ ಕಲೆ. ಗಂಡ ಮನೆಯಲ್ಲೇ ಇದ್ದದ್ದರಿಂದ ತಕ್ಷಣ ನಲ್ಲಿ ಮುಚ್ಚಿದ. ಇಬ್ಬರೂ ಹೊರಗೆ ಕೆಲಸಕ್ಕೆ ಹೋಗುವ ಮನೆಯಾಗಿದ್ದರೆ ಏನಾಗುತ್ತಿತ್ತೋ. ಆವತ್ತಿನಿಂದ ಒಗೆದು ಮುಗಿದ ಕೂಡಲೇ ಮಷೀನಿನ ನಲ್ಲಿ ಮುಚ್ಚುತ್ತಾರೆ. ಬಾಗಿಲಿನ ಕೆಳಗೂ ಮೇಲೂ ಜಾಲರಿ ಕೊರೆಸಿದ್ದಾರೆ. ಡ್ರೈಯರ್ ಗೂಡಿನಲ್ಲಿದ್ದರೆ ಬಾಗಿಲಲ್ಲಿ ಕಡಿಮೆ ಎಂದರೆ 100 ಚದರ ಅಂಗುಲದ ಕಿಂಡಿ ಇರಬೇಕು ಅಂತ ಅದೇ ಅಮೆರಿಕದ ನಿಯಮಗಳಲ್ಲಿದೆ, ಅದು ಡ್ರೈಯರಿಗೆ ಗಾಳಿ ಸಿಗಲೆಂದು. ಇಲ್ಲಿ ಆ ಕಿಂಡಿ ಪೈಪನ್ನೂ ಬೆಚ್ಚಗಿಟ್ಟಿತು. ಈಗ ಎಂಥ ಚಳಿಯಲ್ಲೂ ಗೂಡು 12 ಡಿಗ್ರಿಗಿಂತ ಇಳಿಯುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ನಲ್ಲಿಯಲ್ಲಿ ಬರುವ ನೀರೇ 4 ಡಿಗ್ರಿ. ಸೋಪಿನ ಪುಡಿ ಕರಗದೆ ಬಟ್ಟೆಯ ಮಡಿಕೆಯಲ್ಲಿ ಬಿಳಿ ಗಂಟಾಗಿ ಉಳಿಯುತ್ತಿತ್ತು. ದ್ರವದ ಸೋಪಿಗೆ ಬದಲಾಯಿಸಿದರು, ಮುಗಿಯಿತು.

ಪೈಪು ಸರಿಯಾದ ದಿನ ಅಲಾರಂ ಹೊಡೆದದ್ದು

ಪರಿಹಾರ ಸುಲಭ ಕಾಣುತ್ತಿತ್ತು. ಬಡಗು ಗೋಡೆಯಲ್ಲಿ ತೂತು ಕೊರೆದು, ಗಟ್ಟಿ ಲೋಹದ ನಾಲ್ಕಂಗುಲ ಪೈಪು ನೇರ ಹೊರಗೆ. ಕಟ್ಟಡದ ಸಂಘ ಒಪ್ಪಲು ಫೆಬ್ರವರಿವರೆಗೆ ಎಳೆಯಿತು, ಮುಖ ಕೆಡುತ್ತದೆ ಅಂತ. ಕೊನೆಗೆ ಗೋಡೆಯ ಬಣ್ಣವನ್ನೇ ಬಳಿದ ಮುಚ್ಚಳ ಹಾಕುವ ಷರತ್ತಿನ ಮೇಲೆ ಒಪ್ಪಿದರು. ಬಾಯಿ ನೆಲದಿಂದ ಹನ್ನೆರಡು ಅಡಿ ಮೇಲೆ, ಜಾರುವ ಹಿಮಕ್ಕೆ ಸಿಗದ ಕಡೆ. ಹಕ್ಕಿ ಬಾರದಂತೆ ಬಲೆ ಹಾಕೋಣ ಅಂದ ಕೆಲಸದವನನ್ನು ತಡೆಯಬೇಕಾಯಿತು, ಏಕೆಂದರೆ ಬಲೆಗೆ ಜುಂಗು ಹಿಡಿದು ತಿಂಗಳೊಳಗೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಮೊದಲ ಲೋಡ್ 50 ನಿಮಿಷದಲ್ಲಿ ಒಣಗಿತು. ಎಲ್ಲರೂ ಖುಷಿ. ಎರಡನೇ ಲೋಡ್ ಅರ್ಧ ಆಗುವಷ್ಟರಲ್ಲಿ ಹಾಲ್‌ನ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಿರುಚತೊಡಗಿತು.

ಲೆಕ್ಕ ಹಾಕಿದರೆ ಕಾರಣ ಎದುರಿಗೇ ಇದೆ. ಚೆನ್ನಾಗಿ ಕೆಲಸ ಮಾಡುವ ಇಂಥ ಡ್ರೈಯರ್ ನಿಮಿಷಕ್ಕೆ ಸುಮಾರು 4 ಘನ ಮೀಟರ್ ಗಾಳಿಯನ್ನು ಹೊರಗೆ ತಳ್ಳುತ್ತದೆ. 50 ನಿಮಿಷಕ್ಕೆ 200. ಈ ಮನೆಯೊಳಗೆ ಇರುವ ಒಟ್ಟು ಗಾಳಿಯೇ ಸುಮಾರು 150 ಘನ ಮೀಟರ್. ಅಷ್ಟು ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ಚಳಿಗೆ ಹೆದರಿ ಕಿಟಕಿ ಬಾಗಿಲ ಸಂದಿಗೆಲ್ಲ ಇವರು ಪಟ್ಟಿ ಅಂಟಿಸಿದ್ದರು. ಉಳಿದ ದಾರಿ ಒಂದೇ, ಸೌದೆ ಒಲೆಯ ಹೊಗೆ ಕೊಳವೆ. ಒಲೆ ಆರುತ್ತ ಬಂದಿದ್ದರೆ ಕೊಳವೆಯ ಎಳೆತ ಕಡಿಮೆ, ಆಗ ಹೊಗೆ ಮೇಲಕ್ಕೆ ಹೋಗುವ ಬದಲು ಕೆಳಗೆ ಇಳಿಯುತ್ತದೆ. ಪೈಪು ಕಟ್ಟಿದ್ದಾಗ ಡ್ರೈಯರಿಗೆ ಎಳೆಯುವ ಶಕ್ತಿಯೇ ಇರಲಿಲ್ಲ, ಹಾಗಾಗಿ ಈ ತೊಂದರೆ ಅಡಗಿಕೊಂಡಿತ್ತು. ಆಗ ಎರಡು ಮೂರು ಸಲ ಹಾಲ್‌ನಲ್ಲಿ ಹೊಗೆ ವಾಸನೆ ಬಂದಿದ್ದು ನಿಜ, ಸೌದೆ ಹಸಿ ಇರಬೇಕು ಅಂತ ಬಿಟ್ಟಿದ್ದರು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಲಾರಂ ಇಲ್ಲದ ಮನೆಯಲ್ಲಿ ಈ ಪ್ರಕರಣ ಬೇರೆ ರೀತಿ ಮುಗಿಯಬಹುದಿತ್ತು.

ಕಿಟಕಿ ತೆರೆದು, ಮಗುವನ್ನು ಎತ್ತಿಕೊಂಡು ಹೊರಗೆ ಬಂದರು. ಆಮೇಲೆ ಓಣಿಯಲ್ಲಿ ಹೊರಗಿನ ಗಾಳಿ ಬರುವ ಒಂದು ಕಿಂಡಿ ಮಾಡಿಸಿದರು, ಡ್ರೈಯರ್ ಓಡುವಾಗ ಮಾತ್ರ ತೆರೆದುಕೊಳ್ಳುವಂಥದ್ದು. ಅದಿದ್ದರೂ ಒಲೆ ಉರಿಯುವಾಗ ಡ್ರೈಯರ್ ಹಾಕುವುದಿಲ್ಲ, ಇದು ಮನೆಯ ನಿಯಮ.

ಮಾಲೀಕರು ಒಂದು ಹಂತದಲ್ಲಿ, ಪೈಪೇ ಬೇಡದ ಹೀಟ್ ಪಂಪ್ ಡ್ರೈಯರ್ ತರೋಣವೇ ಅಂತ ಕೇಳಿದ್ದರು. ಅದು ಹಬೆಯನ್ನು ಒಳಗೇ ನೀರು ಮಾಡಿ ಡಬ್ಬಿಗೆ ಇಳಿಸುತ್ತದೆ, ಕರೆಂಟ್ ಹೆಚ್ಚೂ ಕಡಿಮೆ ಅರ್ಧ ಸಾಕು, ಹೊತ್ತು ಮಾತ್ರ ಜಾಸ್ತಿ. ಆದರೆ ಸಾಮಾನ್ಯವಾಗಿ ಅವುಗಳ ಕೈಪಿಡಿಯಲ್ಲಿ 5ರಿಂದ 35 ಡಿಗ್ರಿ ಇರುವ ಕೋಣೆಯಲ್ಲಿ ಬಳಸಿ ಅಂತಿರುತ್ತದೆ, ಆಗ ಗೂಡು 3 ಡಿಗ್ರಿ ಇತ್ತು. ಅದಕ್ಕೇ ಬೇಡ ಅಂದರು. ನನ್ನನ್ನು ಕೇಳಿದರೆ, ಬಾಗಿಲಿಗೆ ಜಾಲರಿ ಹಾಕಿಸಿ ಗೂಡು ಬೆಚ್ಚಗಾದ ಮೇಲೆ ಅದೇ ಸರಿಯಾದ ಮಷೀನ್. ಮನೆಯ ಗಾಳಿ ಹೊರಗೆ ಎಸೆಯುವುದೇ ಇಲ್ಲ ಅಂದ ಮೇಲೆ ಒಲೆಯ ಚಿಂತೆಯೂ ಇಲ್ಲ, ಗೋಡೆಗೆ ತೂತೂ ಬೇಡ. ಅಷ್ಟರಲ್ಲಿ ಹೊಸ ಡ್ರೈಯರಿಗೆ ದುಡ್ಡು ಸುರಿದಾಗಿತ್ತು, ಮಾಲೀಕರಿಗೆ ಇನ್ನೊಂದು ಕೊಳ್ಳಿ ಅನ್ನಲು ಇವರಿಗೂ ಮನಸ್ಸಾಗಲಿಲ್ಲ.

ದುಡ್ಡು ಯಾರದ್ದು

ಕರಾರಿನಲ್ಲಿ ಎರಡು ಸಾಲು ಎದುರುಬದುರು ನಿಂತಿದ್ದವು. ಒಂದು: “ವಾಷಿಂಗ್ ಮಷೀನ್ ಮತ್ತು ಡ್ರೈಯರ್ ಸೌಲಭ್ಯ ಬಾಡಿಗೆಯಲ್ಲಿ ಸೇರಿದೆ.” ಇನ್ನೊಂದು: “ಉಪಕರಣಗಳನ್ನು ಇರುವ ಸ್ಥಿತಿಯಲ್ಲೇ ಕೊಡಲಾಗಿದೆ, ಸ್ವಚ್ಛತೆ ಬಾಡಿಗೆದಾರರದ್ದು.” ಪೈಪು ಕಟ್ಟಿದ್ದು ಸ್ವಚ್ಛತೆಯ ಲೋಪ, ಅದು ನಿಮ್ಮದು ಅಂತ ಮಾಲೀಕರು ಮೊದಲು ವಾದಿಸಿದರು. ನಾನು ಇದನ್ನು ಒಪ್ಪುವುದಿಲ್ಲ. ಪ್ರತಿ ಲೋಡ್ ಆದ ಮೇಲೆ ಡ್ರೈಯರಿನ ಜಾಲರಿಯಿಂದ ಜುಂಗು ತೆಗೆಯುವುದು ಬಾಡಿಗೆದಾರರ ಕೆಲಸ, ಇವರು ತಪ್ಪದೆ ತೆಗೆಯುತ್ತಿದ್ದರು. ತೊಲೆಗಳ ಸಂದಿಯಲ್ಲಿ 28 ಅಡಿ ಹರಿದಿರುವ ಪೈಪು ಉಪಕರಣವೇ ಅಲ್ಲ, ಅದು ಕಟ್ಟಡ. ಅದನ್ನು ನೋಡಲು ಬಾಡಿಗೆದಾರರಿಗೆ ದಾರಿಯೂ ಇಲ್ಲ, ಹಕ್ಕೂ ಇಲ್ಲ.

ಹೆಂಡತಿಯ ಸಹೋದ್ಯೋಗಿಗಳು ಬಾಡಿಗೆ ತಡೆಹಿಡಿಯಿರಿ ಅಂತ ಸಲಹೆ ಕೊಟ್ಟರು. ಮಾಡಲಿಲ್ಲ, ಒಳ್ಳೆಯದೇ ಆಯಿತು. ಬಾಡಿಗೆ ತಡೆಯುವುದಕ್ಕೆ ಪ್ರತಿ ಕಡೆಯೂ ಅದರದ್ದೇ ಕಾನೂನು, ಅದರದ್ದೇ ನೋಟಿಸು, ಗಡುವು ಇರುತ್ತವೆ. ತಪ್ಪಿದರೆ ಮನೆ ಬಿಡಿಸಲು ಮಾಲೀಕರಿಗೇ ಕಾರಣ ಕೊಟ್ಟ ಹಾಗೆ. ಇನ್ನೊಂದು ಮನೆಯೇ ಇಲ್ಲದ ಊರಲ್ಲಿ, ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಲ್ಲಿ, ಜನವರಿ ತಿಂಗಳಲ್ಲಿ ಆ ಜೂಜು ಯಾರಿಗೆ ಬೇಕು?

ಬದಲಿಗೆ ಅದೇ ಕಟ್ಟಡದಲ್ಲಿ ಮಷೀನ್ ಇಲ್ಲದ ಮನೆಗೆ ಎಷ್ಟು ಬಾಡಿಗೆ ಅಂತ ವಿಚಾರಿಸಿದರು. ಇವರದ್ದಕ್ಕಿಂತ ಹತ್ತನೇ ಒಂದು ಪಾಲು ಕಡಿಮೆ ಇತ್ತು. ಸೌಲಭ್ಯ ಸಿಗದ ನಾಲ್ಕು ತಿಂಗಳಿಗೆ ಆ ವ್ಯತ್ಯಾಸ ವಾಪಸ್ ಕೊಡಿ ಅಂತ, ದಿನಾಂಕದ ಪಟ್ಟಿ, ತೂಕದ ಅಂಕಿ, ಪೈಪಿನ ಫೋಟೋ ಎಲ್ಲ ಸೇರಿಸಿ ಒಂದೇ ಪತ್ರ ಬರೆದರು. ಮಾಲೀಕರು ಮೂರು ತಿಂಗಳದ್ದು ಕೊಡಲು ಒಪ್ಪಿದರು. ನವೆಂಬರಿನಲ್ಲಿ ನೀವು ಹೇಳಿದ್ದು ತಿಂಗಳ ಕೊನೆಗಲ್ವಾ ಅಂದರು. ಅದೂ ಸರಿಯೇ, ಇವರು ಬರವಣಿಗೆಯಲ್ಲಿ ಹೇಳಿದ್ದು ಆಗಲೇ. ಬೂಷ್ಟು ತೆಗೆದು ಬಣ್ಣ ಬಳಿಯುವ ಖರ್ಚು, ವಾಲ್ವ್, ಹೊಸ ಪೈಪು, ಗಾಳಿ ಕಿಂಡಿ ಮಾಲೀಕರದ್ದು. ಬಾಗಿಲ ಜಾಲರಿ ಇವರೇ ಹಾಕಿಸಿಕೊಂಡರು, ಅನುಮತಿ ಪಡೆದು.

ಕರಾರು ನವೀಕರಿಸುವಾಗ “ಇರುವ ಸ್ಥಿತಿಯಲ್ಲೇ” ಅನ್ನುವ ಸಾಲು ಹೋಯಿತು. ಅದರ ಜಾಗದಲ್ಲಿ ಬಂದದ್ದು: ಜಾಲರಿಯ ಜುಂಗು ಬಾಡಿಗೆದಾರರು ತೆಗೆಯಬೇಕು, ಹೊರಪೈಪನ್ನು ವರ್ಷಕ್ಕೊಮ್ಮೆ ಹಿಮ ಬೀಳುವ ಮುಂಚೆ ಮಾಲೀಕರು ಸ್ವಚ್ಛ ಮಾಡಿಸಬೇಕು, ಮಷೀನ್ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ ಬಾಡಿಗೆಯಲ್ಲಿ ಹತ್ತನೇ ಒಂದು ಪಾಲು ಕಡಿತ. ಬಾಡಿಗೆಯನ್ನೂ ಸ್ವಲ್ಪ ಏರಿಸಿದರು, ಅದು ಇರಲಿ.

ಅಜ್ಜಿಯ ಚಾವಣಿಯ ಕಲೆಗೆ ಬಣ್ಣ ಯಾರು ಬಳಿಸಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಇವರ ಮಾಲೀಕರು ಸಂಘದ ಮೇಲೆ ಹಾಕುತ್ತಾರೆ, ಸಂಘ ಇವರ ಮಾಲೀಕರ ಮೇಲೆ. ಅಷ್ಟರ ನಡುವೆ ಅಜ್ಜಿ ತಮ್ಮ ಮನೆಗೂ ಒಂದು ಡ್ರೈಯರ್ ಕೊಂಡಿದ್ದಾರೆ. ಅವರ ಮನೆಯ ಪೈಪು ಹಿತ್ತಿಲಿಗೇ ಹೋಗುತ್ತದೆ. ಸಂಘದವರಿಗೆ ತಿಳಿಸಿ ಆಗಿದೆ, ಮುಂದಿನ ಸಭೆಯಲ್ಲಿ ನೋಡೋಣ ಅಂದಿದ್ದಾರೆ.